ಧಾತು ವರ್ಷದ ಕಾಗದ

ಹೋದ ವರ್ಷ ಜುಲೈನಲ್ಲಿ ನಮ್ಮ ಹತ್ತನೇ ಕ್ಲಾಸಿನ ಮಕ್ಕಳಿಗೆ ಒಂದು ಬರವಣಿಗೆ ಕೊಟ್ಟಿದ್ದೆ. "ನೀವು 1877ನೇ ಇಸವಿಯಲ್ಲಿ ನಿಮ್ಮ ಊರಿನಲ್ಲೇ ಇದ್ದೀರಿ ಎಂದು ಭಾವಿಸಿಕೊಳ್ಳಿ. ಬರಗಾಲದ ಕಷ್ಟವನ್ನು ವಿವರಿಸಿ ಗೆಳೆಯನಿಗೆ ಅಥವಾ ಗೆಳತಿಗೆ ಒಂದು ಪತ್ರ ಬರೆಯಿರಿ." ಐದು ಅಂಕ. ಪ್ರಶ್ನೆ ಬರೆದಾಗ ನನಗೆ ನನ್ನ ಮೇಲೇ ಸ್ವಲ್ಪ ಹೆಮ್ಮೆ ಇತ್ತು. ಇಸವಿ ಉರು ಹೊಡೆಸೋ ಟೀಚರ್ ನಾನಲ್ಲ, ಮಕ್ಕಳ ಮನಸ್ಸನ್ನ ಆ ಕಾಲಕ್ಕೆ ಕರ್ಕೊಂಡು ಹೋಗ್ತೀನಿ ಅನ್ನೋ ಹೆಮ್ಮೆ.

ನಲವತ್ತಾರು ಪತ್ರ ಬಂದವು. ಒಬ್ಬ ತನ್ನ ಗೆಳೆಯನಿಗೆ, "ಇಲ್ಲಿ ತುಂಬಾ ಬರ ಇದೆ, ನಾವು ಎರಡು ಬೋರ್‌ವೆಲ್ ಕೊರೆಸಿದೆವು, ಎರಡೂ ಫೇಲ್ ಆದವು" ಅಂತ ಬರೆದಿದ್ದ. ಇನ್ನೊಬ್ಬಳು ರೇಷನ್ ಕಾರ್ಡಿಗೆ ಅರ್ಜಿ ಹಾಕಿದ್ದಳು. ಹಿಂದಿನ ಬೆಂಚಿನ ಮೂವರು ಒಬ್ಬರ ನೋಡಿ ಒಬ್ಬರು ಬರೆದು, ಮೂವರೂ ಒಂದೇ ಕತ್ತಿಯಿಂದ ಒಬ್ಬನೇ ಬ್ರಿಟಿಷ್ ಅಧಿಕಾರಿಯನ್ನ ಕಡಿದು ಹಾಕಿದ್ದರು. (ಸತ್ತವನ ಹೆಸರು ಮಾತ್ರ ಮೂರು ಕಡೆ ಮೂರು ತರ.) ಕೆಲವರದ್ದು ಥೇಟ್ ಸಿನಿಮಾ ಡೈಲಾಗು. ಕೆಲವರು ನಾನು ಬೋರ್ಡ್ ಮೇಲೆ ಬರೆದಿದ್ದ ಕಾರಣಗಳನ್ನೇ ಇಳಿಸಿಕೊಂಡು, ಮೇಲೆ "ಪ್ರಿಯ ಗೆಳೆಯ", ಕೆಳಗೆ "ಇಂತಿ ನಿನ್ನ" ಸೇರಿಸಿದ್ದರು. ಅವರಿಗೆಲ್ಲ ನಾಲ್ಕು, ನಾಲ್ಕೂವರೆ ಹಾಕಿದೆ.

ಒಬ್ಬಳು ಹುಡುಗಿ ಇಡೀ ಹಾಳೆಯಲ್ಲಿ ಎರಡೇ ಸಾಲು ಬರೆದಿದ್ದಳು. "1877ರಲ್ಲಿ ನನಗೆ ಓದು ಬರಹ ಬರುತ್ತಿರಲಿಲ್ಲ. ಆದ್ದರಿಂದ ಪತ್ರ ಬರೆಯಲು ಆಗುವುದಿಲ್ಲ."

ಸೊನ್ನೆ ಹಾಕಿದೆ. ಬರೀ ಸೊನ್ನೆ ಹಾಕಿದ್ರೆ ಪರವಾಗಿರಲಿಲ್ಲ, ಕೆಂಪು ಪೆನ್ನಲ್ಲಿ "ಉದ್ಧಟತನ" ಅಂತ ಬೇರೆ ಬರೆದೆ. ಮಧ್ಯಾಹ್ನ ಸ್ಟಾಫ್ ರೂಮಲ್ಲಿ, "ನೋಡಿ ಈ ಕಾಲದ ಮಕ್ಕಳ ಜಾಣತನ" ಅಂತ ಎಲ್ಲರಿಗೂ ಓದಿ ತೋರಿಸಿದೆ. ಎಲ್ಲರೂ ನಕ್ಕರು. ಗಣಿತದ ಮೇಷ್ಟ್ರು ನಗಲಿಲ್ಲ. ಹಾಳೆ ಈಸಿಕೊಂಡು ಓದಿ, "ಸರಿಯಾಗೇ ಬರೆದಿದಾಳಲ್ಲ ಮೇಡಂ" ಅಂದರು. "ಆವಾಗ ಈ ಊರಲ್ಲಿ ಯಾವ ಕೂಲಿ ಮಾಡೋರ ಮನೆ ಹೆಣ್ಣುಮಗುವಿಗೆ ಕಾಗದ ಬರೆಯೋಕೆ ಬರ್ತಿತ್ತು?" ಹಾಳೆಯನ್ನ ವಾಪಸ್ ಕೊಟ್ಟು ಟೀ ಕುಡಿಯೋಕೆ ಹೋದರು.

ಅವತ್ತು ಸಂಜೆ ಬಸ್ಸಲ್ಲಿ ಕೂತು ಅದನ್ನೇ ಯೋಚಿಸ್ತಾ ಬಂದೆ. ನಲವತ್ತೈದು ಮಕ್ಕಳು ಬರೆಯಲಾಗದ ಕಾಗದ ಬರೆದಿದ್ದರು, ನಾನು ಅಂಕ ಕೊಟ್ಟಿದ್ದೆ. ಅದು ಆಗದ ಕೆಲಸ ಅಂತ ಹೇಳಿದ ಒಬ್ಬಳಿಗೆ ಸೊನ್ನೆ ಕೊಟ್ಟಿದ್ದೆ. ಇತಿಹಾಸದ ಟೀಚರ್ ನಾನೋ ಅವಳೋ?

ನಾನು ಇರೋದು ಪಾವಗಡದ ಕಡೆ. ನಕ್ಷೆ ತೆಗೆದು ನೋಡಿದ್ರೆ ಈ ತಾಲೂಕು ಆಂಧ್ರದೊಳಗೆ ಚಾಚಿಕೊಂಡ ಹಾಗಿದೆ. ಮಕ್ಕಳ ಮನೆಮಾತು ಹೆಚ್ಚುಪಾಲು ತೆಲುಗು, ಶಾಲೆಯಲ್ಲಿ ಕನ್ನಡ. ಒಂದು ಕಡೆ ಸಾವಿರಾರು ಎಕರೆ ಸೋಲಾರ್ ಪಾರ್ಕು, ಇನ್ನೊಂದು ಕಡೆ ಫ್ಲೋರೈಡ್ ನೀರು, ಉಳಿದ ಕಡೆ ಕಡ್ಲೆಕಾಯಿ ಹೊಲ. ಅರ್ಧ ಮಕ್ಕಳ ಅಪ್ಪ ಅಮ್ಮ ಬೆಂಗಳೂರಲ್ಲಿ ಕಟ್ಟಡದ ಕೆಲಸದಲ್ಲಿದಾರೆ, ಮಕ್ಕಳು ಅಜ್ಜಿಯರ ಜೊತೆ. ನಾನೋ ತೀರ್ಥಹಳ್ಳಿ ಕಡೆಯವಳು. ಜುಲೈ ಬಂದ್ರೆ "ಮಳೆ ಒಂದೆರಡು ದಿನ ಹೊಳವಾದ್ರೆ ಸಾಕಪ್ಪಾ" ಅಂತ ಬೇಡಿಕೊಳ್ಳೋ ಊರಲ್ಲಿ ಬೆಳೆದವಳು. ಬರ ಅನ್ನೋದು ನನಗೆ ಪೇಪರಿನ ಸುದ್ದಿ. ಅಂಥ ನಾನು, ಆಕಾಶ ನೋಡಿ ನೋಡಿ ಬೆಳೆದ ಮಕ್ಕಳಿಗೆ ಬರಗಾಲವನ್ನ ಕಲ್ಪಿಸಿಕೊಳ್ಳೋದು ಹೇಗೆ ಅಂತ ಕಲಿಸೋಕೆ ಹೊರಟಿದ್ದೆ.

1876-78ರ ಆ ಬರಕ್ಕೆ ನಮ್ಮಲ್ಲಿ ಧಾತು-ಈಶ್ವರ ಬರ ಅಂತ ಹೆಸರು. ಧಾತು, ಈಶ್ವರ ಅನ್ನೋದು ಆ ಎರಡು ಸಂವತ್ಸರಗಳ ಹೆಸರು. ಪಾಠದಲ್ಲಿ ಬೇಗ ದಾಟಿಬಿಡಬಹುದಾದ ವಿಷಯ. ಮಕ್ಕಳು 1881 ಅಂದ ತಕ್ಷಣ "ಮೈಸೂರು ಪ್ರಜಾಪ್ರತಿನಿಧಿ ಸಭೆ, ದಿವಾನ್ ರಂಗಾಚಾರ್ಲು" ಅಂತಾರೆ, ಒಂದು ಅಂಕ ಬರುತ್ತೆ. ಅದೇ ವರ್ಷ ಬ್ರಿಟಿಷರು ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ವಾಪಸ್ ಕೊಟ್ಟರು, ಅದಕ್ಕೊಂದು ಅಂಕ. ಆ ರಾಜ್ಯ ಆಗ ತಾನೇ ಬರದಿಂದ ಎದ್ದು ಕೂತಿತ್ತು, ತಲೆ ಮೇಲೆ 80 ಲಕ್ಷ ರೂಪಾಯಿ ಬರಗಾಲದ ಸಾಲ ಇತ್ತು ಅನ್ನೋದಕ್ಕೆ ಅಂಕ ಇಲ್ಲ.

ಮಾರನೇ ದಿನ ಕ್ಲಾಸಿಗೆ ಹೋಗಿ ಆ ಹುಡುಗಿಯ ಕ್ಷಮೆ ಕೇಳಿದೆ ಅಂತ ಬರೆಯೋಕೆ ಆಸೆ. ಕೇಳಲಿಲ್ಲ. ಬದಲಿಗೆ ಇನ್ನೊಂದು ತಲೆಹರಟೆ ಮಾಡೋಕೆ ಹೊರಟೆ. ಅನುಭವದ ಮೂಲಕ ಕಲಿಕೆ ಅಂತ ಎಲ್ಲೋ ಓದಿದ್ದೆ. ಒಂದು ದಿನ, ಮಕ್ಕಳೆಲ್ಲ ಒಪ್ಪಿದ್ರೆ, ನಮ್ಮ ಕ್ಲಾಸಿನವರು ಬಿಸಿಯೂಟ ಬಿಟ್ಟು ಕೂರೋಣ, ನಾನೂ ಅವರ ಜೊತೆ ಉಪವಾಸ ಇರ್ತೀನಿ, ಆಮೇಲೆ ಹಸಿವಿನ ಬಗ್ಗೆ ಬರೆಸೋಣ ಅಂತ. ಅಡುಗೆ ಮನೆಗೆ ಹೋಗಿ, "ಗುರುವಾರ ಹತ್ತನೇ ಕ್ಲಾಸಿನವರಿಗೆ ಅಕ್ಕಿ ಹಾಕಬೇಡಿ" ಅಂದೆ. ಅಡುಗೆಯಕ್ಕ ಕಾರಣ ಕೇಳಿದರು. ಹೇಳಿದೆ. ಸೌಟು ಕೆಳಗಿಟ್ಟು ಸೆರಗಲ್ಲಿ ಕೈ ಒರೆಸಿಕೊಂಡರು.

"ಮಿಸ್, ಸೋಮವಾರ ಬಂದು ಇಲ್ಲಿ ನಿಂತ್ಕೊಳಿ. ಯಾರ್ಯಾರು ಎಷ್ಟೆಷ್ಟು ಹಾಕಿಸ್ಕೊಂತಾರೆ ನೋಡಿ. ಆಮೇಲೆ ಹೇಳಿ."

ಸೋಮವಾರ ನಿಂತ್ಕೊಂಡೆ. ಭಾನುವಾರ ಶಾಲೆ ಇಲ್ಲ, ಬಿಸಿಯೂಟ ಇಲ್ಲ. ಸೋಮವಾರ ಮೂರು ಮೂರು ಸಲ ತಟ್ಟೆ ಚಾಚಿದ ಮಕ್ಕಳನ್ನ ಲೆಕ್ಕ ಹಾಕಿದೆ. ಎಷ್ಟು ಜನ ಅಂತ ಇಲ್ಲಿ ಬರೆಯಲ್ಲ. ಎರಡು ಸಾಲಿನ ಹುಡುಗಿ ಅವರಲ್ಲಿ ಒಬ್ಬಳು. ಉಪವಾಸದ ಮಾತು ಮತ್ತೆ ಎತ್ತಲಿಲ್ಲ.

ಆದ್ರೆ ಅಡುಗೆ ಮನೆಗೆ ಹೋಗಿದ್ದು ಬೇರೆ ರೀತಿಯಲ್ಲಿ ಉಪಯೋಗಕ್ಕೆ ಬಂತು. ಅಲ್ಲಿ ತಕ್ಕಡಿ ಇತ್ತು.

1877ರ ಜನವರಿಯಲ್ಲಿ ಬರ ಪರಿಶೀಲಿಸೋಕೆ ಅಂತ ವೈಸರಾಯ್ ಲಿಟ್ಟನ್ ಕಳಿಸಿದ ಅಧಿಕಾರಿ ಸರ್ ರಿಚರ್ಡ್ ಟೆಂಪಲ್. ಆ ತಿಂಗಳ ಒಂದನೇ ತಾರೀಕು ದೆಹಲಿಯಲ್ಲಿ ದೊಡ್ಡ ದರ್ಬಾರು ನಡೆಸಿ ವಿಕ್ಟೋರಿಯಾ ರಾಣಿಯನ್ನ ಭಾರತದ ಸಾಮ್ರಾಜ್ಞಿ ಅಂತ ಸಾರಿದ್ದೂ ಇದೇ ಲಿಟ್ಟನ್. ಮದರಾಸ್ ಪ್ರಾಂತ್ಯದ ಬರಗಾಲದ ಕಾಮಗಾರಿಗಳಲ್ಲಿ ಮಣ್ಣು ಹೊರೋ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಜೊತೆಗೆ ಉಪ್ಪು ಮೆಣಸಿನಕಾಯಿಗೆ ಅಂತ ಚಿಲ್ಲರೆ ಕಾಸು ಸಾಕು ಅಂತ ಟೆಂಪಲ್ ಲೆಕ್ಕ ಹಾಕಿದ. ನಾವಿರೋ ಊರು ಆಗ ಮೈಸೂರು ಸೀಮೆ. ಆದ್ರೆ ನಮ್ಮ ಶಾಲೆ ಹಿಂದಿನ ಗುಡ್ಡ ಹತ್ತಿದ್ರೆ ಕಾಣೋದು ಅನಂತಪುರದ ಕಡೆ, ಅದು ಆಗ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಮದರಾಸ್ ಪ್ರಾಂತ್ಯ. ಅಂದ್ರೆ ಆ ಒಂದು ಪೌಂಡಿನ ಲೆಕ್ಕ ನಮ್ಮ ಕಣ್ಣಳತೆಯಲ್ಲೇ ನಡೆದದ್ದು.

ಮಕ್ಕಳನ್ನ ಅಡುಗೆ ಮನೆ ಮುಂದೆ ನಿಲ್ಲಿಸಿ ಅಕ್ಕಿ ತೂಗಿಸಿದೆ. 453 ಗ್ರಾಂ. ತಟ್ಟೆಗೆ ಸುರಿದಾಗ ಸಣ್ಣ ಗುಡ್ಡೆ ಆಯ್ತು. ಬಿಸಿಯೂಟದ ಲೆಕ್ಕದಲ್ಲಿ ಒಂದು ಮಗುವಿಗೆ 150 ಗ್ರಾಂ. "ಹಂಗಾದ್ರೆ ಇದು ಮೂರು ಜನರ ಊಟ" ಅಂದ ಒಬ್ಬ. ಅವನ ಪಕ್ಕದವನು, ಕತ್ತಿ ಹಿಡಿದ ಮೂವರಲ್ಲಿ ಒಬ್ಬ, ಥಟ್ಟನೆ ಅಂದ: "ಮಿಸ್, ಒಬ್ಬನಿಗೆ ದಿನಕ್ಕೆ ಇಷ್ಟು ಸಾಕಲ್ವಾ?"

ಕ್ಲಾಸೆಲ್ಲ ತಟ್ಟೆ ನೋಡಿತು. ನಿಜಕ್ಕೂ ಸಾಕಾಗೋ ಹಾಗೇ ಕಾಣ್ತಿತ್ತು. ನಾನು ಇಂಥದೊಂದು ಉತ್ತರಕ್ಕೆ ತಯಾರಿರಲಿಲ್ಲ. ಅಕ್ಕಿ ನೋಡಿದ ಕೂಡಲೇ ಮಕ್ಕಳು "ಅಯ್ಯೋ ಇಷ್ಟೇನಾ" ಅಂತಾರೆ, ನಾನು ಮುಂದಿನ ಮಾತಿಗೆ ಹೋಗ್ತೀನಿ ಅಂದ್ಕೊಂಡಿದ್ದೆ. ಬಾಯಿ ಬಿಟ್ಟವರು ಅಡುಗೆಯಕ್ಕ.

"ಸಾರು ಎಲ್ಲಪ್ಪಾ? ಬೇಳೆ? ಎಣ್ಣೆ? ಬರೀ ಅಕ್ಕಿ ತಿಂದು ದಿನಾ ಮಣ್ಣು ಹೊರ್ತೀಯಾ? ನಿಮ್ಮಪ್ಪ ಮೋಲ್ಡಿಂಗ್ ಕೆಲಸಕ್ಕೆ ಹೋದ ದಿನ ಎಷ್ಟು ಉಣ್ತಾನೆ, ಹೇಳು."

ಹುಡುಗ ಯೋಚಿಸಿದ. "ಬೆಳಿಗ್ಗೆ ಎರಡು ಮುದ್ದೆ. ಮಧ್ಯಾಹ್ನ ಅನ್ನ. ರಾತ್ರಿ ಮತ್ತೆ ಎರಡು ಮುದ್ದೆ. ಮಧ್ಯೆ ಬನ್ನು, ಟೀ." ಸ್ವಲ್ಪ ಹೊತ್ತು ಬಿಟ್ಟು, "ಭಾನುವಾರ ಕೋಳಿ" ಅಂದ.

ಆ ಒಂದು ಪೌಂಡು ಅಕ್ಕಿಯಲ್ಲಿ ಸುಮಾರು 1,600 ಕ್ಯಾಲರಿ ಇರುತ್ತೆ, ಗುದ್ದಲಿ ಹಿಡಿದು ದುಡಿಯೋ ಗಂಡಸಿಗೆ ಅದರ ಎರಡರಷ್ಟು ಬೇಕು ಅಂತ ವಿಜ್ಞಾನದ ಟೀಚರ್ ಹತ್ರ ಕೇಳಿಸಿದೆ. ಆದ್ರೆ ಮಕ್ಕಳಿಗೆ ನಾಟಿದ್ದು ಕ್ಯಾಲರಿ ಅಲ್ಲ, ಎರಡು ಮುದ್ದೆ ಮತ್ತೆರಡು ಮುದ್ದೆ. ಮತ್ತೆ ಅವರವರಲ್ಲೇ ಲೆಕ್ಕ ಶುರುವಾಯ್ತು. ಕೆಲಸದ ಜಾಗಕ್ಕೆ ನಡೆದೇ ಹೋಗಬೇಕಲ್ಲ? ಆ ಅಕ್ಕಿ ಬೇಯಿಸೋಕೆ ನೀರು ಎಲ್ಲಿಂದ? ಸೌದೆ? ಮನೇಲಿ ಕೂತಿರೋ ಅಜ್ಜಿ ಯಾವುದನ್ನ ತಿನ್ನಬೇಕು?

ಆಮೇಲೆ "ಸಾಕಲ್ವಾ" ಅಂದ ಹುಡುಗನಿಗೆ ಹೇಳಿದೆ: ನೀನು ಕೇಳಿದ್ದನ್ನೇ ಟೆಂಪಲ್ಲೂ ಕೇಳಿದ್ದ. ಅವನ ಮುಖ ಕೆಂಪಗಾಯ್ತು. ಅವಮಾನ ಮಾಡೋಕೆ ಹೇಳಿದ್ದಲ್ಲ. ಪತ್ರದಲ್ಲಿ ಅವನು ಕಡಿದು ಹಾಕಿದ್ದ ಬಿಳಿಯನಿಗೆ ಮುಖ ಇರಲಿಲ್ಲ. ಈಗ ಮೊದಲ ಸಲ ಒಂದು ಮುಖ ಬಂತು, ಅದು ಸ್ವಲ್ಪ ಅವನದ್ದೇ ಮುಖದ ತರ ಇತ್ತು. ಟೆಂಪಲ್‌ನ ಹಿಂದಿನ ಕತೆಯನ್ನೂ ಹೇಳಿದೆ. ಮೂರು ವರ್ಷ ಹಿಂದೆ, 1874ರಲ್ಲಿ, ಬಿಹಾರದಲ್ಲಿ ಬರ ಬಂದಾಗ ಇದೇ ಟೆಂಪಲ್ ಬರ್ಮಾದಿಂದ ಅಕ್ಕಿ ತರಿಸಿ ಧಾರಾಳವಾಗಿ ಹಂಚಿದ್ದ. ಹಸಿವಿಂದ ಸತ್ತವರು ಬಹಳ ಕಡಿಮೆ. ಅದಕ್ಕೆ ಅವನಿಗೆ ಸಿಕ್ಕಿದ್ದು ಬೈಗುಳ, ದುಂದುವೆಚ್ಚ ಮಾಡಿದ ಅಂತ. ಈ ಸಲ ದಕ್ಷಿಣಕ್ಕೆ ಬರುವಾಗ ಕೈ ಬಿಗಿ ಹಿಡಿದು ಬಂದಿದ್ದ.

"ಅಂದ್ರೆ ಅವನು ಒಳ್ಳೆಯವನಾ ಕೆಟ್ಟವನಾ ಮಿಸ್?"

ಹದಿನೈದು ವರ್ಷದವರು ಈ ಪ್ರಶ್ನೆ ಕೇಳಿಯೇ ಕೇಳ್ತಾರೆ. ಅವರನ್ನ ಬೈಯೋಕಾಗಲ್ಲ, ನಾವು ದೊಡ್ಡವರೂ ಫೋನ್ ಕೈಯಲ್ಲಿ ಹಿಡಿದು ದಿನಾ ಕೇಳೋದು ಇದನ್ನೇ. ಅರ್ಧ ಕ್ಲಾಸು "ಪಾಪ, ಮೇಲಿನವರು ಬೈದ್ರೆ ಅವನೇನು ಮಾಡ್ತಾನೆ" ಅನ್ನೋ ಕಡೆ ವಾಲಿತು. ಅರ್ಥ ಮಾಡ್ಕೊಳ್ಳೋದು ಅಂದ್ರೆ ಇದೇ ಅಪಾಯ, ಜಾರಿ ಹೋಗಿ ವಕಾಲತ್ತು ಆಗಿಬಿಡುತ್ತೆ. ಆಗ ಡಾಕ್ಟರ್ ಕಾರ್ನಿಷ್ ಕತೆ ಹೇಳಿದೆ. ಮದರಾಸ್ ಸರ್ಕಾರದ ಆರೋಗ್ಯಾಧಿಕಾರಿ. ಅದೇ 1877ರಲ್ಲೇ, ಒಂದು ಪೌಂಡು ಸಾಲದು, ದುಡಿಯೋ ಮನುಷ್ಯ ಇದರಲ್ಲಿ ಕ್ಷೀಣಿಸಿ ಹೋಗ್ತಾನೆ ಅಂತ ಸರ್ಕಾರದ ಒಳಗೇ ಕೂತು ಜಗಳ ಆಡಿದವನು. ಅಂದ್ರೆ "ಆ ಕಾಲದಲ್ಲಿ ಯಾರಿಗೂ ಗೊತ್ತಿರಲಿಲ್ಲ" ಅನ್ನೋ ಹಾಗಿಲ್ಲ. ಗೊತ್ತಿದ್ದವನು ಇದ್ದ, ಹೇಳಿದ್ದ. ಒಬ್ಬ ಹುಡುಗಿ ಎದ್ದು ನಿಂತು, "ಟೆಂಪಲ್ ಯಾಕೆ ಹಂಗೆ ಮಾಡ್ದ ಅಂತ ಅರ್ಥ ಆಯ್ತು ಮಿಸ್. ಆದ್ರೂ ಕ್ಷಮಿಸಲ್ಲ" ಅಂದಳು. ಅವಳಿಗೆ ಕೂತ್ಕೋ ಅಂದೆ. ನನಗೂ ಅದಕ್ಕಿಂತ ಹೆಚ್ಚು ಹೇಳೋಕೆ ಬರಲ್ಲ.

ಮನೆಯಲ್ಲಿ ಅಜ್ಜಿಯರನ್ನ ಕೇಳ್ಕೊಂಡು ಬನ್ನಿ ಅಂತ ಕಳಿಸಿದ್ದು ಅಷ್ಟೇನೂ ಫಲ ಕೊಡಲಿಲ್ಲ. ನೂರೈವತ್ತು ವರ್ಷದ ಹಿಂದಿನದು ಯಾರಿಗೆ ನೆನಪಿರುತ್ತೆ? ಅಜ್ಜಿಯರ ಬರ ಅಂದ್ರೆ ತಾವು ಚಿಕ್ಕವರಿದ್ದಾಗಿನ ಗಂಜಿ ಕೇಂದ್ರ, ಕೆಂಪು ಜೋಳ, ಶಾಲೆಯಲ್ಲಿ ಕೊಡ್ತಿದ್ದ ಕೇರ್ ಉಪ್ಪಿಟ್ಟು. ಕೆಲವರು "ಹಸಿವಿನ ಕತೆ ಮಕ್ಕಳಿಗ್ಯಾಕೆ" ಅಂತ ಎದ್ದು ಹೋದರಂತೆ. ಒಬ್ಬರು ಮಾತ್ರ ಹಗೇವು ಅಂದರೇನು ಅಂತ ವಿವರಿಸಿದ್ದರು. ನೆಲದಲ್ಲಿ ಗುಂಡಿ ತೋಡಿ, ಒಳಗೆ ಹುಲ್ಲು ಹಾಸಿ, ರಾಗಿ ತುಂಬಿ, ಮೇಲೆ ಮಣ್ಣು ಮುಚ್ಚೋದು. ರಾಗಿ ಅದರಲ್ಲಿ ವರ್ಷಗಟ್ಟಲೆ ಕೆಡಲ್ಲ. ಮಕ್ಕಳು ಅದನ್ನ ಫಿಕ್ಸೆಡ್ ಡಿಪಾಸಿಟ್ ಅಂದರು, ಒಪ್ಪಿಕೊಂಡೆ.

ಎರಡು ಸಾಲಿನ ಹುಡುಗಿ ಒಂದು ಪದ ತಂದಿದ್ದಳು. ಅವರ ಅಜ್ಜಿಗೆ ಬರದ ಕತೆ ಏನೂ ಗೊತ್ತಿಲ್ಲ. ಆದ್ರೆ ತಮ್ಮ ಗಬಗಬ ತಿಂದ್ರೆ ಅಜ್ಜಿ ತೆಲುಗಲ್ಲಿ ಬೈತಾರಂತೆ, ಏನೋ ಧಾತ ಕರುವಿಂದ ಎದ್ದು ಬಂದವನ ಹಂಗೆ ತಿಂತೀಯ ಅಂತ. "ಧಾತ ಅಂದ್ರೆ ಯಾರೋ ಮನುಷ್ಯ ಅಂದ್ಕೊಂಡಿದ್ದೆ ಮಿಸ್. ಅಜ್ಜೀನೂ ಹಂಗೇ ಅಂದ್ಕೊಂಡಿದೆ." ಬರ ಮರೆತು ಹೋಗಿ ಬೈಗುಳ ಉಳ್ಕೊಂಡಿತ್ತು. ಅವತ್ತು ನಾನು ಬೋರ್ಡಿನ ಮೇಲೆ ಧಾತು ಅಂತ ಬರೆದು ಪಕ್ಕದಲ್ಲಿ 1876 ಅಂತ ಬರೆದೆ. ಅವಳು ಅದನ್ನ ನೋಟ್ಸಿನಲ್ಲಿ ಬರ್ಕೊಳ್ಳಲಿಲ್ಲ, ಸುಮ್ಮನೆ ನೋಡ್ತಾ ಕೂತಿದ್ದಳು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಚೆನ್ನಾಗಿ ನಡೆದದ್ದು ಅದರ ಮುಂದಿನ ವಾರದ ಕ್ಲಾಸು. ಪತ್ರ ಬರೆಸೋದು ಬಿಟ್ಟೆ. ಒಂದು ನಿಯಮ ಮಾಡಿದೆ: ಯಾರೂ "ನಾನಾಗಿದ್ರೆ" ಅನ್ನಬಾರದು. ನಾನಾಗಿದ್ರೆ ಅಂದ ಕೂಡಲೇ ಬೋರ್‌ವೆಲ್ಲು, ಬಸ್ಸು, ಕತ್ತಿ ಎಲ್ಲಾ ಬರುತ್ತೆ. "ಅವರು" ಅನ್ನಬೇಕು, ಅವರಿಗೆ ಏನು ಗೊತ್ತಿತ್ತೋ ಅಷ್ಟೇ ಇಟ್ಕೊಂಡು ಮಾತಾಡಬೇಕು.

ಬೋರ್ಡಲ್ಲಿ ಬರೆದೆ: 1877, ಜನವರಿ. ಒಂದು ಮನೆ. ಗಂಡ, ಹೆಂಡತಿ, ಅಜ್ಜಿ, ಇಬ್ಬರು ಮಕ್ಕಳು. ಒಂದು ಜೊತೆ ಎತ್ತು. 1875ರಲ್ಲಿ ಮಳೆ ಕಡಿಮೆ, 1876ರಲ್ಲಿ ಮುಂಗಾರು ಹಿಂಗಾರು ಎರಡೂ ಕೈಕೊಟ್ಟಿವೆ. ಹಗೇವು ಖಾಲಿ. ಮನೆ ಮೂಲೆಯಲ್ಲಿ ಒಂದು ಗಡಿಗೆ ಬಿತ್ತನೆ ರಾಗಿ. ಅವರು ಈಗ ಏನು ಮಾಡಬೇಕು?

ಐದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ನನ್ನ ಕೈಗೆ ಸಿಗಲಿಲ್ಲ.

"ರಾಗಿ ತಿನ್ನಬಾರದು. ಮಳೆ ಬಂದ್ರೆ ಬಿತ್ತೋಕೆ ಏನು ಮಾಡ್ತಾರೆ?" "ಮಳೆ ಬರೋವರೆಗೂ ಇದ್ರೆ ತಾನೇ ಬಿತ್ತೋದು?" "ಎತ್ತು ಮಾರಲಿ." "ಊರಲ್ಲಿ ಎಲ್ಲಾ ಎತ್ತು ಮಾರೋಕೆ ಹೊರಟ್ರೆ ಕೊಂಡ್ಕೊಳ್ಳೋನು ಯಾರೋ? ನಮ್ಮಪ್ಪ ಹೋದ ಸಲ ಸಂತೆಯಿಂದ ವಾಪಸ್ ಹೊಡ್ಕೊಂಡು ಬರಲಿಲ್ವಾ?" "ಎತ್ತಿಗೆ ಮೇವಿಲ್ಲ. ಮಾರದಿದ್ರೆ ಸಾಯುತ್ತೆ." "ಎತ್ತು ಹೋದ್ಮೇಲೆ ಉಳೋದು ಹೆಂಗೆ?" "ಅಜ್ಜೀನ ಬಿಟ್ಟು ಉಳಿದವರು ಬೆಂಗಳೂರಿಗೆ ನಡೀಲಿ."

ಈ ಕೊನೇ ಮಾತಿಗೆ ಕ್ಲಾಸು ಒಂದು ಗಳಿಗೆ ತಣ್ಣಗಾಯ್ತು. ಅಜ್ಜಿಯನ್ನೂ ಮಕ್ಕಳನ್ನೂ ಊರಲ್ಲಿ ಬಿಟ್ಟು ಬೆಂಗಳೂರಿಗೆ ಹೋದವರ ಮಕ್ಕಳೇ ಅಲ್ಲಿ ಕೂತಿದ್ದದ್ದು.

ಒಬ್ಬ ಕೇಳಿದ, ಬೆಂಗಳೂರಿಗೆ ಆವಾಗ ರೈಲು ಇತ್ತಾ ಅಂತ. ಇತ್ತು, ಮದರಾಸಿಂದ ಬೆಂಗಳೂರಿಗೆ 1864ರಲ್ಲೇ ರೈಲು ಬಂದಿತ್ತು. ಮತ್ತೆ ಧಾನ್ಯ ತರೋಕೇನು? ತಂದರು. ಆದ್ರೆ ರೈಲು ಸ್ಟೇಷನ್‌ವರೆಗೆ ಮಾತ್ರ. ಅಲ್ಲಿಂದ ಇಲ್ಲಿಗೆ ಗಾಡಿಯಲ್ಲಿ ಬರಬೇಕು. ಗಾಡಿಗೆ ಎತ್ತು ಬೇಕು, ಎತ್ತಿಗೆ ದಾರಿಯುದ್ದಕ್ಕೂ ಮೇವು ನೀರು ಬೇಕು. ಇಷ್ಟು ನಾನು ಹೇಳೋ ಹೊತ್ತಿಗೆ ಮಕ್ಕಳೇ ಉಳಿದದ್ದನ್ನ ಪೂರ್ತಿ ಮಾಡಿದರು. ಬಂದ ಧಾನ್ಯ ಕೊಳ್ಳೋಕೆ ದುಡ್ಡೂ ಬೇಕು, ಬೆಳೆ ಇಲ್ಲದ ಕಡೆ ಕೂಲಿ ಇಲ್ಲ, ಕೂಲಿ ಇಲ್ಲದ ಕಡೆ ದುಡ್ಡಿಲ್ಲ. "ಅಂದ್ರೆ ಅಂಗಡೀಲಿ ಅಕ್ಕಿ ಇದ್ರೂ ಸಾಯಬಹುದು" ಅಂದ ಬೋರ್‌ವೆಲ್ ಕೊರೆಸಿದ್ದ ಹುಡುಗ. ಇದನ್ನ ನಾನು ಬೋರ್ಡಲ್ಲಿ ಕಾರಣ ಒಂದು, ಕಾರಣ ಎರಡು ಅಂತ ಬರೆಸಿದ್ದೆ. ಅವನೂ ಬರ್ಕೊಂಡಿದ್ದ.

ವೋಟಿಗೆ ಹಾಕಿದೆವು. ಇಪ್ಪತ್ತಾರು ಜನ ರಾಗಿ ಉಳಿಸೋಕೆ, ಹನ್ನೊಂದು ಜನ ತಿನ್ನೋಕೆ, ಉಳಿದವರು ಅರ್ಧ ತಿಂದು ಅರ್ಧ ಉಳಿಸೋಕೆ. ಆಮೇಲೆ ಹೇಳಿದೆ: 1877ರ ಮುಂಗಾರೂ ಕೈಕೊಟ್ಟಿತು. ಮಳೆ ಸರಿಯಾಗಿ ಹಿಡಿದದ್ದು ಸೆಪ್ಟೆಂಬರ್ ಹೊತ್ತಿಗೆ.

ರಾಗಿ ಉಳಿಸಿದವರ ಮುಖ ನೋಡಬೇಕಿತ್ತು. ಜನವರಿಯಿಂದ ಸೆಪ್ಟೆಂಬರ್ ಅಂತ ಒಬ್ಬ ಬೆರಳಲ್ಲಿ ಎಣಿಸಿದ. "ಅವರಿಗೆ ಇದು ಮೊದಲೇ ಗೊತ್ತಿರಲಿಲ್ಲ ಅಲ್ವಾ ಮಿಸ್" ಅಂತ ಕೇಳಿದ. ಇಲ್ಲಪ್ಪ ಅಂದೆ. ನನಗೆ ಈ ಪಾಠ ಹದಿನಾಲ್ಕು ವರ್ಷದಿಂದ ಗೊತ್ತು, ಕೊನೆಯಲ್ಲಿ ಏನಾಗುತ್ತೆ ಅಂತ ಗೊತ್ತಿಟ್ಟುಕೊಂಡೇ ಪಾಠ ಶುರು ಮಾಡ್ತೀನಿ. ಆ ಮನೆಯವರು ಪ್ರತಿ ದಿನ ಬೆಳಿಗ್ಗೆ ಎದ್ದು ಮೋಡ ನೋಡ್ತಿದ್ದರು, ಅಷ್ಟೇ.

ಗಣಿತದ ಮೇಷ್ಟ್ರು ಒಂದು ದಿನ ಬಂದು ಬೋರ್ಡಲ್ಲಿ ಒಂದು ಕಳೆಯೋ ಲೆಕ್ಕ ಬರೆದರು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50,55,412. 1881ರಲ್ಲಿ 41,86,188. ಕಳೆದರೆ 8,69,224. ಆರು ಜನರಿಗೆ ಒಬ್ಬ. "ಎಲ್ಲಾ ಸತ್ತೋದ್ರಾ?" ಎಲ್ಲ ಅಲ್ಲ, ಕೆಲವರು ಊರು ಬಿಟ್ಟು ಹೋದರು, ಕೆಲವರು ಹುಟ್ಟಲೇ ಇಲ್ಲ. ಮಧ್ಯದ ವರ್ಷಗಳಲ್ಲಿ ಹುಟ್ಟಬೇಕಾದವರನ್ನ ಸೇರಿಸಿದ್ರೆ ನಷ್ಟ ಇನ್ನೂ ದೊಡ್ಡದು. ಆರಕ್ಕೊಬ್ಬರಂತೆ ಮಕ್ಕಳನ್ನ ಎಬ್ಬಿಸಿ ನಿಲ್ಲಿಸಿದ್ರೆ ಚೆನ್ನಾಗಿ ನಾಟುತ್ತೆ ಅಂತ ಮೊದಲು ಅನ್ನಿಸಿತ್ತು. ಉಪವಾಸದ ಪ್ರಸಂಗ ನೆನಪಾಗಿ ಬಿಟ್ಟೆ. ಅವರೇ ತಮ್ಮ ತಮ್ಮಲ್ಲಿ ಎಣಿಸಿಕೊಳ್ತಿದ್ದದ್ದು ಕಾಣ್ತಿತ್ತು.

ಆ ಸೊನ್ನೆಯ ವಿಷಯ. ಅಂಕಗಳನ್ನ ಅಷ್ಟೊತ್ತಿಗೆ ಆನ್‌ಲೈನಿಗೆ ಏರಿಸಿ ಆಗಿತ್ತು. ತಿದ್ದೋಕೆ ಕೇಳಿದೆ, ಆಗಲಿಲ್ಲ. ಆಗಸ್ಟ್ ಕೊನೆಯಲ್ಲಿ ಆ ಹುಡುಗಿಯನ್ನ ಕಾರಿಡಾರಲ್ಲಿ ನಿಲ್ಲಿಸಿ, "ನಿಂದು ಸರಿ ಇತ್ತು, ನಾನು ತಪ್ಪು ಮಾಡ್ದೆ" ಅಂದೆ. ಅವಳ ಹಾಳೆಯಲ್ಲಿ "ಉದ್ಧಟತನ" ಅನ್ನೋದನ್ನ ಹೊಡೆದು ಹಾಕಿ ಸಹಿ ಮಾಡಿದೆ. ಅವಳು ನಗಲೂ ಇಲ್ಲ, ಅಳಲೂ ಇಲ್ಲ. "ಉದ್ಧಟತನ ಅಂದ್ರೆ ಏನಂತ ಡಿಕ್ಷನರಿ ನೋಡಿದ್ದೆ ಮಿಸ್" ಅಂದಳು. ಅದಕ್ಕೆ ನಾನೇನು ಹೇಳಲಿ?

ಆಮೇಲೆ ಅವಳು ಒಂದು ಪ್ರಶ್ನೆ ಕೇಳಿದಳು. ಅವಳ ಅಮ್ಮ ಖಾತ್ರಿ ಕೆಲಸಕ್ಕೆ ಹೋಗ್ತಾರೆ. ಅಲ್ಲಿ ಹಾಜರಿ ಪಟ್ಟಿ ಇರುತ್ತೆ, ಅಮ್ಮನಿಗೆ ಓದು ಬರಲ್ಲ, ಫೋನಿಗೆ ಬಂದ ಮೆಸೇಜನ್ನೂ ಇವಳೇ ಓದಿ ಹೇಳ್ತಾಳೆ. "ಆವಾಗ ಮಣ್ಣು ಹೊರೋಕೆ ಹೋದವರ ಹೆಸರೂ ಬರ್ಕೊಳ್ತಿದ್ರಾ?" ಕೂಲಿ ಕೊಡೋಕೆ, ತಲೆ ಎಣಿಸೋಕೆ ಪಟ್ಟಿ ಬೇಕಲ್ಲ, ಬರ್ಕೊಳ್ತಿದ್ದರು ಅಂದೆ. "ಹಂಗಾದ್ರೆ ಬರೀಬಹುದು" ಅಂದು ಹೋದಳು.

ಮೂರು ದಿನ ಆದ್ಮೇಲೆ ಒಂದು ಹಾಳೆ ತಂದು ಮೇಜಿನ ಮೇಲಿಟ್ಟಳು. ಅಂಕಕ್ಕಲ್ಲ ಅಂತ ಮೇಲೆ ಬರೆದಿದ್ದಳು. ಅವಳನ್ನೂ ಅವಳ ಅಮ್ಮನನ್ನೂ ಕೇಳಿ ಇಲ್ಲಿ ಹಾಕ್ತಿದ್ದೀನಿ. ಒಂದು ಅಕ್ಷರವನ್ನೂ ತಿದ್ದಿಲ್ಲ.

"ಕೆಲಸದ ಹತ್ತಿರ ಗುಮಾಸ್ತ ಕೂತಿದ್ದ. ನಿನ್ನ ಹೆಸರೇನು ಎಂದ. ಹೇಳಿದೆ. ಅವನಿಗೆ ತೆಲುಗು ಬರುತ್ತಿರಲಿಲ್ಲ, ಇನ್ನೊಂದು ಸಲ ಕೇಳಿದ. ಇನ್ನೊಂದು ಸಲ ಹೇಳಿದೆ. ಅವನು ಏನೋ ಬರೆದುಕೊಂಡ. ನನ್ನ ಹೆಸರಿಗಿಂತ ಉದ್ದ ಇತ್ತು. ಅದು ನನ್ನ ಹೆಸರೋ ಬೇರೆಯವರದೋ ನನಗೆ ಗೊತ್ತಾಗಲಿಲ್ಲ. ನಮ್ಮ ಹಿಂದೆ ತುಂಬಾ ಜನ ಇದ್ದರು, ಆದ್ದರಿಂದ ನಾನು ಕೇಳಲಿಲ್ಲ. ಬುಟ್ಟಿ ತೆಗೆದುಕೊಂಡು ಹೋದೆ."